ಎರಡನೆಯ ಸಹಿ

"ಕೊಡಿ ಅತ್ತೆ, ನಾನ್ ಮಾಡ್ತೀನಿ. ಕೈ ಕೊಯ್ಕೊಂಡ್ರೆ ಕಷ್ಟ," ಎಂದು ಅಳಿಯ ಸುದರ್ಶನ್ ಇಕ್ಕಳಕ್ಕೆ ಕೈ ಚಾಚಿದ.

ಮಾಲತಿ ಬಿಡಲಿಲ್ಲ. ಗಂಗಾಜಲದ ಪುಟ್ಟ ತಾಮ್ರದ ಗಿಂಡಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದುಕೊಂಡು, ಅದರ ಬಾಯಿಗೆ ಹಾಕಿದ್ದ ಬೆಸುಗೆಯನ್ನು ಎಬ್ಬಿಸುತ್ತಲೇ ಇದ್ದಳು. ಚಾಪೆಲ್‌ನ ಪಕ್ಕದ ಸಣ್ಣ ಕೋಣೆ ಅದು. ಎದುರಿಗೆ ತೆರೆದ ಬಿಳಿ ಪೆಟ್ಟಿಗೆಯಲ್ಲಿ ಅವಳ ಗಂಡ ಅನಂತಕೃಷ್ಣ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಹಣೆಗೆ ಅಕ್ಷತೆ ಇಡಿಸಿಕೊಂಡು ಮಲಗಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಮುಚ್ಚಳ ಹಾಕುತ್ತಾರೆ. ಅಷ್ಟರೊಳಗೆ ತುಟಿಗೆ ಗಂಗೆ, ತುಳಸಿ ಬೀಳಬೇಕಿತ್ತು.

ಅವರು ಹೋಗಿ ಮೂರು ವಾರವಾಗಿತ್ತು. ಈ ಸ್ವೀಡನ್ ದೇಶದಲ್ಲಿ ಸತ್ತವರಿಗೂ ಸರದಿ ಉಂಟು. ಚಾಪೆಲ್ ಖಾಲಿಯಾಗಬೇಕು, ಕಾಗದಪತ್ರ ಮುಗಿಯಬೇಕು, ಬರುವವರಿಗೆ ರಜೆ ಸಿಗಬೇಕು. ಬೆಂಗಳೂರಿನ ಪುರೋಹಿತರು ಫೋನಿನಲ್ಲಿ, "ದಹನಾನೇ ಆಗ್ದೆ ದಿನ ಎಲ್ಲಿಂದ ಎಣಿಸೋದಮ್ಮಾ?" ಎಂದು ತಲೆ ಕೆಡಿಸಿಕೊಂಡಿದ್ದರು. ಮಾಲತಿ ಮಾತ್ರ ಆ ಮೂರು ವಾರದಲ್ಲಿ ಮನಸಾರೆ ಅತ್ತು ಮುಗಿಸಿದ್ದಳು. ಎಪ್ಪತ್ತು ದಾಟಿ, ಕಾಯಿಲೆ ಕಸಾಲೆ ಇಲ್ಲದೆ, ಭಾನುವಾರ ಬೆಳಿಗ್ಗೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟು, ಇನ್ನೊಂದು ಲೋಟ ಕಾಫಿ ಕೇಳಿ, ಅದು ಬರುವುದರೊಳಗೆ ಹೊರಟುಹೋದ ಮನುಷ್ಯನಿಗಾಗಿ ಎಷ್ಟೆಂದು ಅಳುವುದು? ಒಂದೇ ಒಂದು ಮಾತು ಒಳಗೇ ಉಳಿದಿತ್ತು. ಅದು ಇವತ್ತು, ಈ ಪೆಟ್ಟಿಗೆ ಬೆಂಕಿಗೆ ಹೋಗುವ ಮುಂಚೆ, ನಾಲ್ಕು ಜನರ ಮುಂದೆ ಹೊರಬೀಳಬೇಕಿತ್ತು. ಅದೂ ಅವಳ ಬಾಯಿಂದಲ್ಲ, ಲೆನಾರ್ಟ್‌ನ ಬಾಯಿಂದ. ಲೆನಾರ್ಟ್ ಎಂದರೆ ಅನಂತಕೃಷ್ಣರ ಹಳೆಯ ಲ್ಯಾಬಿನ ಮುಖ್ಯಸ್ಥ. ಬರುತ್ತೇನೆ ಎಂದು ಫೋನ್ ಮಾಡಿದ್ದ. ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳಿರಲಿಲ್ಲ.

ಬೆಸುಗೆ ಟಕ್ಕೆಂದು ಬಿಟ್ಟಿತು. ಗೆಳತಿ ವಸಂತಿ ತುಳಸಿ ದಳವನ್ನು ಬೊಗಸೆಯಲ್ಲಿ ಹಿಡಿದಳು. ಮಾಲತಿ ಗಿಂಡಿಯನ್ನು ಬಗ್ಗಿಸಿದಳು. ಇನ್ನಷ್ಟು ಬಗ್ಗಿಸಿದಳು. ಕೊನೆಗೆ ಬೋರಲಾಗಿಯೇ ಹಿಡಿದಳು.

"ಅಯ್ಯೋ ಮಾಲತಿಯಕ್ಕ, ಇದು ಖಾಲಿ ಅಲ್ವಾ!"

"ಆರಿಹೋಗಿರುತ್ತೆ ಅತ್ತೆ, ಎಷ್ಟು ವರ್ಷ ಆಯ್ತು," ಎಂದ ಸುದರ್ಶನ್.

"ಬೆಸುಗೆ ಹಾಕಿದ್ದು ಹೇಗಪ್ಪಾ ಆರತ್ತೆ?" ಎನ್ನುತ್ತ ಮಾಲತಿ ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಕಾಶಿಯಲ್ಲಿ ಗಿಂಡಿ ಮಾರುವವರು ಬೆಸುಗೆಯನ್ನು ಗಡ್ಡೆ ಗಡ್ಡೆಯಾಗಿ ಮೆತ್ತಿರುತ್ತಾರೆ. ಇದು ದಾರದ ಎಳೆಯಂತೆ ಸಣ್ಣಗೆ, ಸುತ್ತಲೂ ಒಂದೇ ಸಮನಾಗಿತ್ತು. ಮನೆಯ ರೇಡಿಯೋ, ಮಗಳ ಕನ್ನಡಕ, ಮಿಕ್ಸಿಯ ತಂತಿ, ಎಲ್ಲಕ್ಕೂ ಬೆಸುಗೆ ಹಾಕಿದ ಕೈ ಯಾವುದೆಂದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಮಲಗಿದ್ದವರ ಮುಖ ನೋಡಿದಳು. ನಗು ತಡೆಯಲಾಗಲಿಲ್ಲ. ವಸಂತಿ ಗಾಬರಿಯಾಗಿ ಅವಳ ಬೆನ್ನು ನೀವತೊಡಗಿದಳು.

*

ಆ ಗಿಂಡಿಯನ್ನು ಮಾಲತಿಯ ತಾಯಿ ಕಾಶಿಯಿಂದ ತಂದು, ಸೀರೆಗಳ ನಡುವೆ ಸುತ್ತಿ, ಉಪ್ಸಾಲಾದವರೆಗೂ ಹೊತ್ತು ಬಂದಿದ್ದರು. ದೇವರ ಗೂಡಿನಲ್ಲಿ ಇಟ್ಟ ದಿನದಿಂದ ಅನಂತಕೃಷ್ಣರ ಕಣ್ಣು ಅದರ ಮೇಲೆಯೇ. ಆಗ ಅವರು ಕೊಮ್ಮೂನಿನ, ಅಂದರೆ ಇಲ್ಲಿನ ಪುರಸಭೆಯ, ಪರವಾಗಿ ಬಾವಿಗಳ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದರು. ಸೈಕಲ್ಲು, ಬಸ್ಸು ಹತ್ತಿ ಹಳ್ಳಿ ಹಳ್ಳಿ ತಿರುಗಿ, ಬಾಟಲಿಗಳಲ್ಲಿ ನೀರು ತಂದು ನೋಡುವುದು. ಊಟಕ್ಕೆ ಕರೆದ ಮನೆಯಲ್ಲೂ ಲೋಟವನ್ನು ಕಿಟಕಿಗೆ ಹಿಡಿದು ನೋಡದೆ ಗುಟುಕರಿಸಿದವರಲ್ಲ.

"ಸ್ವಲ್ಪ ನೋಡ್ಲೇನೇ, ಇದನ್ನ?" ಎಂದು ಒಂದು ದಿನ ಕೇಳಿಯೇಬಿಟ್ಟರು.

"ನೋಡಿದ್ರೆ ನೋಡಿ ಹೋಗಿ!" ಎಂದು ಮಾಲತಿ ಒಲೆಯ ಕಡೆಯಿಂದ ಗದರಿದ್ದಳು. ಹಾಗೆಂದರೆ ನೋಡಕೂಡದು ಎಂದರ್ಥ. ಮದುವೆಯಾಗಿ ಅಷ್ಟು ವರ್ಷವಾದ ಗಂಡಸಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಕೆಲವು ದಿನ ಕಳೆದ ಮೇಲೆ ಊಟಕ್ಕೆ ಕೂತವರು, "ಮಾಲತಿ, ಆ ಗಂಗೆ..." ಎಂದು ಬಾಯಿ ತೆರೆದರು. ತಾಯಿ ಪಕ್ಕದಲ್ಲೇ ಕೂತಿದ್ದರು.

"ಏನೂ ಹೇಳ್ಬೇಡಿ," ಎಂದಳು ಮಾಲತಿ. "ಒಂದಕ್ಷರ ಮಾತಾಡ್ಬೇಡಿ."

"ಕಂಡಿದ್ದನ್ನ..."

"ಬೇಡ ಅಂದೆ!"

ಅನಂತಕೃಷ್ಣರು ಅತ್ತೆಯ ಮುಖ ನೋಡಿ, ಹೆಂಡತಿಯ ಮುಖ ನೋಡಿ, ಮೊಸರನ್ನಕ್ಕೆ ಕೈ ಹಾಕಿದರು. ಬಾಯಿ ಮುಚ್ಚಿಕೊಂಡಿರು ಎಂದು ಅವರಿಗೆ ಆ ಮೊದಲೂ ಹೇಳಿದವರಿದ್ದರು, ದೊಡ್ಡ ದೊಡ್ಡವರೇ. ಇಷ್ಟು ಬೇಗ ಒಪ್ಪಿಸಿದವಳು ಮಾಲತಿ ಒಬ್ಬಳೇ.

*

ಬಾಗಿಲು ತೆರೆದುಕೊಂಡು ಮಗಳು ನಿವೇದಿತಾ ಬಂದಳು. ಕೈಯಲ್ಲಿ ಫೋನು.

"ಅಮ್ಮ, ಹೊರಗಡೆ ಒಬ್ರು ಅಜ್ಜಿ ವೇಟ್ ಮಾಡ್ತಿದಾರೆ, ಹಳ್ಳಿಯವರು. ಮತ್ತೆ ಅಪ್ಪನ ಹಳೇ ಆಫೀಸಿನ ಲೇಡಿ ಇನ್ನೊಂದ್ ಮೆಸೇಜ್ ಹಾಕಿದಾಳೆ. ಫ್ಯೂನರಲ್ ಮುಗಿದ್ಮೇಲೆ ಕಾಲ್ ಮಾಡ್ತಾಳಂತೆ, ಹೇಗಾಯ್ತು ಅಂತ ಕೇಳೋಕೆ." ಅವಳ ಹುಬ್ಬು ಗಂಟಿಕ್ಕಿತ್ತು. "ಹಳೇ ಕೆಲಸದ ವಿಷಯ ಯಾರೂ ಭಾಷಣದಲ್ಲಿ ಎತ್ತಬಾರ್ದು, ಸೀಕ್ರೆಸಿ ಈಗ್ಲೂ ಇದೆ ಅಂತ ಮತ್ತೆ ನೆನಪಿಸಿದಾಳೆ. ಸೀರಿಯಸ್ಲಿ ಅಮ್ಮ, ಬಾವಿ ನೀರಿನಲ್ಲಿ ಏನು ಸೀಕ್ರೆಟ್ಟು?"

"ಬಾವಿಗಿಂತ ಮುಂಚಿನದು ಕಣೆ."

"ಆ ಮಿಸ್ಟೇಕಾ? ಅಪ್ಪ ಸ್ಯಾಂಪಲ್ ಹಾಳು ಮಾಡಿದ್ದು? ಇಟ್ಸ್ ಓಕೆ ಅಮ್ಮ, ಎಲ್ಲರೂ ತಪ್ಪು ಮಾಡ್ತಾರೆ."

"ಅದೇ ನೋಡು," ಎಂದು ವಸಂತಿ ನಿಟ್ಟುಸಿರು ಬಿಟ್ಟಳು. "ಪಾಪ, ಅದೊಂದು ಆಗದೇ ಇದ್ದಿದ್ರೆ ಅಣ್ಣ ಎಷ್ಟು ದೊಡ್ಡ ಪೋಸ್ಟಲ್ಲಿ ಇರ್ತಿದ್ರು. ನಮ್ಮವರು ಈಗ್ಲೂ ಹೇಳ್ತಾರೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಇಪ್ಪತ್ತು ವರ್ಷದಿಂದ ಯುಗಾದಿ ಊಟದಲ್ಲಿ, ಗಣೇಶನ ಹಬ್ಬದಲ್ಲಿ, ಕನ್ನಡ ಬಳಗದ ಪಿಕ್‌ನಿಕ್ಕಿನಲ್ಲಿ ಇದೇ ಒಳ್ಳೆಯ ಮನಸ್ಸು ಮಾಲತಿಯ ಹೊಟ್ಟೆ ಉರಿಸಿತ್ತು. ಈಗ ಮಗಳ ಬಾಯಲ್ಲೂ ಅದೇ. ಆದರೂ ನಾಲಿಗೆ ಕಚ್ಚಿಕೊಂಡು, "ಆ ಅಜ್ಜಿಯನ್ನ ಒಳಗೆ ಕರಿ," ಎಂದಳು.

ಬಂದವಳು ಸಿಗ್ನೆ. ಎಂಬತ್ತರ ರೈತ ಹೆಂಗಸು, ಕಪ್ಪು ಕೋಟು, ಕಾಲಿಗೆ ತೊಳೆದು ಒರೆಸಿದ ಗಂಬೂಟು. ಒಂದು ಕೈಯಲ್ಲಿ ಹೊಲದ ಹೂವಿನ ಗೊಂಚಲು, ಇನ್ನೊಂದರಲ್ಲಿ ಹಣ್ಣಿನ ರಸದ ಹಳೆಯ ಗಾಜಿನ ಬಾಟಲಿ ತುಂಬ ನೀರು. ಮುಜುಗರದಿಂದ ಸ್ವೀಡಿಷ್‌ನಲ್ಲಿ ಹೇಳಿದಳು: "ತರಬಹುದೋ ಇಲ್ಲವೋ ತಿಳಿಯಲಿಲ್ಲ. ನಿಮ್ಮ ಯಜಮಾನರು ನಿವೃತ್ತರಾದ ಮೇಲೂ ಪ್ರತಿ ವಸಂತಕಾಲದಲ್ಲಿ ನಮ್ಮ ಬಾವಿಗೆ ಬರುತ್ತಿದ್ದರು. ಒಂದು ಬಾಟಲಿ ಪರೀಕ್ಷೆಗೆ, ಒಂದು ಲೋಟ ಕುಡಿಯಲಿಕ್ಕೆ. ಈ ವರ್ಷ ಬರಲಿಲ್ಲ. ಅದಕ್ಕೇ ತಂದೆ."

"ನಮ್ಮಪ್ಪನಿಗೆ ನಿಮ್ಮ ಬಾವಿ ಅಂದ್ರೆ ಇಷ್ಟವಿತ್ತೇ?" ಎಂದು ಕೇಳಿದಳು ನಿವೇದಿತಾ.

"ಮೊದಲ ಸಲ ಬಂದಾಗ, ನಮ್ಮಜ್ಜ ತೋಡಿದ ಬಾವಿಯ ನೀರು ಮಕ್ಕಳಿಗೆ ಕೊಡಬೇಡಿ, ಅದರಲ್ಲಿ ಆರ್ಸೆನಿಕ್ ಇದೆ ಅಂದರು. ನಾಯಿ ಬಿಟ್ಟು ಓಡಿಸೋಣ ಅನ್ನಿಸಿತ್ತು ನನಗೆ." ಸಿಗ್ನೆ ಪೆಟ್ಟಿಗೆಯ ಕಡೆ ನೋಡಿ ನಕ್ಕಳು. "ಆಮೇಲೆ ಬೇರೆ ಕಡೆ ಕೊರೆಸಿದೆವು. ನೀರು ಚೆನ್ನಾಗಿದೆ ಅಂದ ದಿನ ಅಲ್ಲೇ ನಿಂತು ಎರಡು ಲೋಟ ಕುಡಿದರು."

ಮಾಲತಿ ಬಾಟಲಿಗೆ ಕೈ ಚಾಚಿದಳು. ವಸಂತಿ ಕನ್ನಡದಲ್ಲಿ, "ಮಾಲತಿಯಕ್ಕ, ಯಾರದೋ ಬಾವಿ ನೀರು... ಆಗ್ತದಾ?" ಎಂದು ಪಿಸುಗುಟ್ಟಿದಳು.

"ಇವರು ನೋಡಿ ಒಪ್ಪಿದ ನೀರು ಕಣೆ. ಇದಕ್ಕಿಂತ ಇನ್ಯಾವ ಗಂಗೆ ಬೇಕು?"

ತುಳಸಿಯನ್ನು ಅದರಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರು. ಮೊದಲು ಮಾಲತಿ, ಆಮೇಲೆ ಮಗಳು, ಅಳಿಯ. ಸಿಗ್ನೆಗೂ ಒಂದು ದಳ ಕೊಟ್ಟರು. ಅವಳೂ ಹಾಗೆಯೇ ಮಾಡಿ, ಹಿಂದೆ ಸರಿದು, ಜೋರಾಗಿ ಮೂಗು ಒರೆಸಿಕೊಂಡಳು.

*

ಇಪ್ಪತ್ತು ವರ್ಷದ ಹಿಂದೆ, ಒಂದು ಚಳಿಗಾಲದಲ್ಲಿ ದೊಡ್ಡ ದೇಶವೊಂದು ಮರುಭೂಮಿಯ ಸಣ್ಣ ದೇಶವೊಂದರ ಮೇಲೆ ಯುದ್ಧಕ್ಕೆ ಹೊರಟಿತ್ತು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ವಿಷಾನಿಲ ತಯಾರಾಗುತ್ತಿದೆ ಎಂದು ಗೂಢಚಾರರ ವರದಿಯಿತ್ತಂತೆ. ಆ ಕಾರ್ಖಾನೆಯ ಮಣ್ಣು, ಮೋರಿಯ ನೀರು, ಗೋಡೆ ಒರೆಸಿದ ಬಟ್ಟೆ, ಇವುಗಳಲ್ಲಿ ಒಂದು ಪಾಲು ಪರೀಕ್ಷೆಗೆಂದು, ಆಗಿನ್ನೂ ಸರ್ಕಾರದ ದೊಡ್ಡ ಲ್ಯಾಬಿನಲ್ಲಿದ್ದ ಅನಂತಕೃಷ್ಣರ ಮೇಜಿಗೆ ಬಂತು. ಅವರು ನೋಡಿದರು. ಮತ್ತೆ ನೋಡಿದರು. ತೋಟಕ್ಕೆ ಹೊಡೆಯುವ ಕೀಟನಾಶಕ ಬಿಟ್ಟರೆ ಏನೂ ಇರಲಿಲ್ಲ. 'ಪತ್ತೆಯಾಗಿಲ್ಲ' ಎಂದು ಬರೆದು ಸಹಿ ಹಾಕಿದರು. ಆ ಲ್ಯಾಬಿನಲ್ಲಿ ಒಬ್ಬರು ನೋಡಿದ್ದು ಲೆಕ್ಕಕ್ಕಿಲ್ಲ. ಇನ್ನೊಬ್ಬರು ಬೇರೆಯಾಗಿ ಪರೀಕ್ಷಿಸಿ ಎರಡನೆಯ ಸಹಿ ಹಾಕಿದ ಮೇಲೆಯೇ ಅದು ಫಲಿತಾಂಶ. ಎರಡನೆಯವನು ಲೆನಾರ್ಟ್. ಅವನಿಗೂ ಏನೂ ಸಿಗಲಿಲ್ಲ. ಅವನು ಸಹಿ ಹಾಕುವ ಮುಂಚೆ ರಾಜಧಾನಿಯಿಂದ ಇಬ್ಬರು ಅಧಿಕಾರಿಗಳು ಬಂದರು.

"ಒಳ್ಳೆ ಜನ ಕಣೆ," ಎಂದರು ಅನಂತಕೃಷ್ಣ ಅವತ್ತು ಸಂಜೆ, ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತ. "ಬನ್ನು ತಿಂದ್ರು, ಕಾಫಿ ಕುಡಿದ್ರು, ನಗ್ತಾ ನಗ್ತಾ ಮಾತಾಡಿದ್ರು. 'ಪತ್ತೆಯಾಗಿಲ್ಲ' ಬೇಡ್ವಂತೆ. 'ಇಲ್ಲ ಅಂತ ಹೇಳಕ್ಕಾಗಲ್ಲ' ಅಂತ ಬರೀಬೇಕಂತೆ. ದೊಡ್ಡೋರ ಮನಸ್ಸು ನೋಯಿಸಬಾರ್ದಂತೆ."

"ಎರಡೂ ಒಂದೇ ಅಲ್ವಾ?"

"ಬೀನ್ಸಲ್ಲಿ ಹುಳ ಸಿಗ್ಲಿಲ್ಲ ಅಂದ್ರೆ ಹುಳಿ ಮಾಡ್ತೀಯ. ಹುಳ ಇಲ್ಲ ಅಂತ ಹೇಳಕ್ಕಾಗಲ್ಲ ಅಂದ್ರೆ?"

ಮಾಲತಿಗೆ ಅರ್ಥವಾಯಿತು. ಅವರು ಬರೆದದ್ದನ್ನು ತಿದ್ದಲಿಲ್ಲ. ಲೆನಾರ್ಟ್ ಸಹಿ ಹಾಕಲಿಲ್ಲ. ವಾರದೊಳಗೆ, ಪರೀಕ್ಷಕನ ಕೈತಪ್ಪಿನಿಂದ ಸ್ಯಾಂಪಲ್ ಹಾಳಾಯಿತೆಂದು ಮೇಲಿನವರು ಕಡತ ಮುಚ್ಚಿದರು. ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ಅನಂತಕೃಷ್ಣರನ್ನು ಬಾವಿ ನೀರಿಗೆ ಕಳಿಸಿದರು. ಯುದ್ಧ ಆಗಿಯೇ ಆಯಿತು. ಆ ಕಾರ್ಖಾನೆಯೂ ಅದರ ಸುತ್ತಲಿನ ಮನೆಗಳೂ ಉರಿಯುತ್ತಿರುವುದನ್ನು ಟಿವಿಯಲ್ಲಿ ನೋಡಿ ಅವರು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ನಲ್ಲಿ ಬಿಟ್ಟುಕೊಂಡು ಅತ್ತದ್ದು ಹೊರಗೆ ನಿಂತ ಮಾಲತಿಗೆ ಕೇಳಿಸಿತು.

"ನಾನ್ ಹೇಳ್ತೀನಿ ಎಲ್ಲರಿಗೂ," ಎಂದು ಅವಳು ರೇಗಿದ್ದಳು. "ನನ್ನ ಬಾಯಿಗೇನೂ ಬೀಗ ಹಾಕಿಲ್ಲ."

"ನೀನು ಹೇಳಿದ್ರೆ ಗಂಡನ ಪರ ಹೆಂಡತಿ ವಾದ ಮಾಡಿದ ಹಾಗೆ. ನೋಡಿದವನು ಹೇಳ್ಬೇಕು. ನಿವಿಗೂ ಅಲ್ಲೀವರೆಗೆ ಬೇಡ. ಲೆನಾರ್ಟ್ ಹೇಳ್ತಾನೆ ಬಿಡು, ಅವನು ಸ್ವಲ್ಪ ನಿಧಾನ."

ಆಮೇಲಿನ ವರ್ಷಗಳಲ್ಲಿ ಅವರು ಕೊರಗಿದರೆಂದು ಯಾರಾದರೂ ಹೇಳಿದರೆ ಮಾಲತಿ ನಂಬುವವಳಲ್ಲ. ಕೆನ್ನೆ ಕೆಂಪಗೆ ಮಾಡಿಕೊಂಡು ಹಳ್ಳಿಗಳಿಂದ ಬರುತ್ತಿದ್ದರು. ಒಬ್ಬರು ಆಲೂಗಡ್ಡೆ ಕೊಟ್ಟಿರುತ್ತಿದ್ದರು, ಇನ್ನೊಬ್ಬರು ಜೇನು. "ಇಲ್ಲಿ ನಾನ್ ಬರೆದಿದ್ದನ್ನ ಜನ ಓದ್ತಾರೆ ಕಣೆ. ಓದಿ ನೀರು ಕುಡೀತಾರೆ," ಎನ್ನುತ್ತಿದ್ದರು. ಫೋನ್ ಎತ್ತಿದರೆ ಈ ದೇಶದವರ ಹಾಗೆ ಮೊದಲು ತಮ್ಮ ಪೂರ್ತಿ ಹೆಸರು ಹೇಳುವುದು ರೂಢಿಯಾಗಿಬಿಟ್ಟಿತ್ತು. ಮೊಸರು ತನ್ನಿ ಎನ್ನಲು ಮಾಲತಿ ಫೋನ್ ಮಾಡಿದರೂ, "ಅನಂತಕೃಷ್ಣ ರಾವ್," ಎಂದು ಗಂಭೀರವಾಗಿ ಶುರುಮಾಡುವರು. "ಗೊತ್ತು ಮಾರಾಯ್ರೆ, ನಾನೇ ಕಟ್ಕೊಂಡಿದ್ದು," ಎಂದು ಅವಳು ನಗುವಳು.

*

ಚಾಪೆಲ್ ತುಂಬಿತ್ತು. ಅರ್ಧ ಕನ್ನಡದವರು, ಅರ್ಧ ಹಳ್ಳಿಗಳ ಬಾವಿಯವರು. ಸುದರ್ಶನ್ ಮೊಬೈಲು ನೋಡಿಕೊಂಡು ಶ್ಲೋಕ ಹೇಳಿದ. ಎರಡು ಕಡೆ ತಡವರಿಸಿ, ಹಿಂದಕ್ಕೆ ಹೋಗಿ ಸರಿಯಾಗಿ ಹೇಳಿದ. ಹಳೆಯ ಆಫೀಸಿನಿಂದ ಬಂದಿದ್ದ ದೊಡ್ಡ ಹೂಚಕ್ರ, ನೀಲಿ ರಿಬ್ಬನ್ನಿನಲ್ಲಿ 'ಗೌರವದೊಂದಿಗೆ' ಎಂದು ಬರೆಸಿಕೊಂಡು ಮೂಲೆಯಲ್ಲಿ ನಿಂತಿತ್ತು. ಆಮೇಲೆ ಇಲ್ಲಿನ ಪದ್ಧತಿಯಂತೆ ಒಬ್ಬೊಬ್ಬರೇ ಎದ್ದು ಹೋಗಿ, ಮುಚ್ಚಿದ ಪೆಟ್ಟಿಗೆಯ ಮೇಲೆ ಹೂವಿಟ್ಟು, ತಮ್ಮಷ್ಟಕ್ಕೆ ಏನಾದರೂ ಹೇಳಿ ಬರತೊಡಗಿದರು.

ಲೆನಾರ್ಟ್ ಕೊನೆಯ ಸಾಲಿನಲ್ಲಿ ಕೂತಿದ್ದ. ಎಷ್ಟು ಮುದುಕನಾಗಿದ್ದಾನೆ ಎಂದುಕೊಂಡಳು ಮಾಲತಿ. ಎಲ್ಲರೂ ಮುಗಿಸಿದ ಮೇಲೆ ಕೋಲೂರಿಕೊಂಡು ಬಂದ. ಕೆಂಪು ಗುಲಾಬಿಯೊಂದನ್ನು ಪೆಟ್ಟಿಗೆಯ ಮೇಲಿಟ್ಟ. ತಲೆ ತಗ್ಗಿಸಿದ. ಒಂದು ಮಾತೂ ಆಡದೆ ತಿರುಗಿದ.

ಇನ್ನು ಯಾರು ಹೇಳುತ್ತಾರೆ? ತಾನೇ ಎದ್ದು ನಿಲ್ಲಬೇಕೆಂದು ಮಾಲತಿ ಬೆಂಚಿನ ಅಂಚನ್ನು ಹಿಡಿದಳು. ಗಂಡನ ಮಾತು ನೆನಪಾಯಿತು. ಹಿಡಿದ ಅಂಚನ್ನು ಬಿಡಲಾರದೆ, ಏಳಲೂ ಆರದೆ, ಅವನ ಬೆನ್ನನ್ನೇ ನೋಡುತ್ತ ಕೂತಳು.

ನಾಲ್ಕು ಹೆಜ್ಜೆ ನಡೆದ ಲೆನಾರ್ಟ್ ನಿಂತ. ಹಿಂತಿರುಗಿ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ಅನಂತ್, ನಾನೂ ನೋಡಿದ್ದೆ," ಎಂದ. ಕಿವಿ ಮಂದವಾದವರ ಗಟ್ಟಿ ದನಿ ಕೊನೆಯ ಸಾಲಿಗೂ ಕೇಳಿಸಿತು. "ಯುದ್ಧಕ್ಕೆ ಮುಂಚೆ ಬಂದ ಆ ಕಾರ್ಖಾನೆಯ ಮಣ್ಣು. ನೀನು ನೋಡಿದ ಮೇಲೆ ನಾನೂ ಪರೀಕ್ಷೆ ಮಾಡಿದೆ. ನನಗೂ ಏನೂ ಸಿಗಲಿಲ್ಲ. ನೀನು ಸ್ಯಾಂಪಲ್ ಹಾಳು ಮಾಡಲಿಲ್ಲ. ಸುಮ್ಮನಿರು ಅಂದರು, ನಾನು ಸುಮ್ಮನಿದ್ದೆ. ನೀನು ಬರೆದದ್ದೇ ಸರಿ."

ಅವನು ಮಾಲತಿಯ ಕಡೆ ನೋಡಿ, "ತುಂಬ ತಡವಾಯಿತು," ಎಂದ.

"ಅವರು ಹೇಳಿದ್ದರು, ಲೆನಾರ್ಟ್ ಸ್ವಲ್ಪ ನಿಧಾನ ಅಂತ," ಎಂದಳು ಮಾಲತಿ ಸ್ವೀಡಿಷ್‌ನಲ್ಲಿ. ಮುದುಕ ಕೋಲಿನ ಮೇಲೆ ಬಾಗಿ ಮಕ್ಕಳಂತೆ ಅತ್ತ. ಮಾಲತಿ ಎದ್ದು ಹೋಗಿ ಅವನ ತೋಳು ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು.

ನಿವೇದಿತಾ ತಾಯಿಯ ಭುಜಕ್ಕೆ ಮುಖ ಒತ್ತಿದಳು. "ನಂಗ್ಯಾಕೆ ಹೇಳ್ಲಿಲ್ಲ ಅಮ್ಮ? ನಾನು ಇಷ್ಟು ವರ್ಷ ಅಪ್ಪಂದೇ ತಪ್ಪು ಅಂದ್ಕೊಂಡಿದ್ದೆ."

"ಎರಡನೇ ಸಹಿ ಬಿದ್ದಿರ್ಲಿಲ್ಲ ಕಣೆ. ಅದಿಲ್ಲದೆ ನಿಮ್ಮಪ್ಪ ಯಾವುದನ್ನೂ ಹೊರಗೆ ಬಿಡ್ತಿರ್ಲಿಲ್ಲ."

*

ಪೆಟ್ಟಿಗೆಯನ್ನು ಒಪ್ಪಿಸಿ ಬಂದ ಮೇಲೆ ಪಕ್ಕದ ಹಾಲ್‌ನಲ್ಲಿ ಕಾಫಿ. ದಾಲ್ಚಿನ್ನಿ ಬನ್ನಿನ ಪಕ್ಕದಲ್ಲಿ ವಸಂತಿ ಕೋಡುಬಳೆಯನ್ನೂ ಇಟ್ಟಿದ್ದಳು. ಕನ್ನಡದವರೂ ಬಾವಿಯವರೂ ಮೊದಲು ದೂರ ದೂರ ನಿಂತಿದ್ದವರು, ಕೋಡುಬಳೆ ಹೇಗೆ ಮುರಿಯಬೇಕೆಂಬ ವಿಷಯದಲ್ಲಿ ಒಂದಾದರು. ನಗು ಕೇಳಿಸಿತು. ವಸಂತಿ ಬಂದು ಮಾಲತಿಯ ಕೈ ಹಿಡಿದು, "ನಾವೆಲ್ಲ ಎಂತ ಮಾತಾಡಿಬಿಟ್ವು ಅಕ್ಕ," ಎಂದು ಕಣ್ಣು ತುಂಬಿಕೊಂಡಳು. "ಹೋಗ್ಲಿ ಬಿಡೆ, ಅವರಿಗೆ ಲೋಟ ಕೊಡು," ಎಂದಳು ಮಾಲತಿ. ಸಿಗ್ನೆ ಉಳಿದ ಬಾವಿ ನೀರನ್ನು ಲೆನಾರ್ಟ್‌ನ ಮುಂದಿನ ಲೋಟಕ್ಕೆ ಸುರಿದಳು.

ಮೇಜಿನ ಮೇಲಿದ್ದ ನಿವೇದಿತಾಳ ಫೋನು ಗುರ್ ಎಂದು ಅದುರತೊಡಗಿತು. ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದವು.

"ಆಫೀಸಿನವಳು," ಎಂದಳು ನಿವೇದಿತಾ. "ಹೇಗಾಯ್ತು ಅಂತ ಕೇಳೋಕೆ. ಕಟ್ ಮಾಡ್ಲಾ ಅಮ್ಮ?"

ಮಾಲತಿ ಉತ್ತರ ಕೊಡುವ ಮೊದಲೇ ಲೆನಾರ್ಟ್ ಆ ಕಡೆಯಿಂದ ಕೈ ಚಾಚಿದ. ನಿವೇದಿತಾ ತಾಯಿಯ ಮುಖ ನೋಡಿದಳು. ಮಾಲತಿ ತಲೆಯಾಡಿಸಿದಳು. ಫೋನು ಅವನ ಕೈಗೆ ಹೋಯಿತು, ಇನ್ನೂ ಅದುರುತ್ತಲೇ ಇತ್ತು. ಅವನು ಲೋಟವನ್ನೆತ್ತಿ ಅಷ್ಟೂ ನೀರನ್ನು ಒಂದೇ ಗುಕ್ಕಿಗೆ ಕುಡಿದ. ಮೀಸೆ ಒರೆಸಿಕೊಂಡ. ಕೋಲು ಊರಿ ನೆಟ್ಟಗೆ ಎದ್ದು ನಿಂತು ಫೋನನ್ನು ಕಿವಿಗಿಟ್ಟುಕೊಂಡ.

"ಲೆನಾರ್ಟ್ ಏಕ್ಮನ್," ಎಂದ, ಇಡೀ ಹಾಲ್‌ಗೆ ಕೇಳುವ ಹಾಗೆ.